ನೆರವಿಗೆ ಬಂದ ಸೈನ್ಯ ಮರಳುವುದೆಂದು?

ಪರರ ಸೈನ್ಯವೊಂದು ನಾಡಿನೊಳಗೆ ಕಾಲಿಟ್ಟರೆ ಆ ನಾಡಿಗೆ ಒಳಿತೋ ಕೆಡುಕೋ ಎಂಬ ಪ್ರಶ್ನೆ ಇರಾಕ್, ಅಫಘಾನಿಸ್ತಾನಗಳ ಸುದ್ದಿಯೊಡನೆ ಹುಟ್ಟಿದ್ದಲ್ಲ. ಜಡೆ, ಚಂದ್ರಗುತ್ತಿ, ಸೊರಬ, ಶಿಕಾರಿಪುರಗಳು ಸೇರಿದ್ದ ಸೀಮೆ ಅದಕ್ಕೆ ಮೂರು ಬಾರಿ ಉತ್ತರ ಕೊಟ್ಟಿದೆ. ಆ ಉತ್ತರಗಳನ್ನು ಬಲ್ಲವರಿಗೆ ಇಂದಿನ ಜಗತ್ತೂ ಸ್ಪಷ್ಟವಾಗಿ ಕಾಣುವುದು.

ಮೊದಲನೆಯದು 1763ರದು. ಕೆಳದಿ ಸಿಂಹಾಸನಕ್ಕೆ ತಾನೇ ಹಕ್ಕುದಾರನಾದ ಚೆನ್ನಬಸವಪ್ಪನೆಂದು ಹೇಳಿಕೊಂಡ ಯುವಕನೊಬ್ಬ ಹೈದರ್ ಅಲಿಯ ಮೊರೆಹೊಕ್ಕನು. ಅವನಿಗೆ ನ್ಯಾಯ ಕೊಡಿಸುವ ನೆಪದಲ್ಲಿ ಹೈದರನ ಸೈನ್ಯ ಬಿದನೂರಿಗೆ ಬಂದಿತು. ನಗರ ವಶವಾದ ಮೇಲೆ ರಾಣಿ ವೀರಮ್ಮಾಜಿಯೂ ಸೆರೆಯಾದಳು, ನೆರವು ಬೇಡಿದವನೂ ಸೆರೆಯಾದನು. ಬಿದನೂರು ಹೈದರನಗರವಾಯಿತು. ಕೆಳದಿಯ ಅರಸುತನ ಅಲ್ಲಿಗೆ ಮುಗಿಯಿತು.

ಎರಡನೆಯದು 1783ರದು. ಜನರಲ್ ಮ್ಯಾಥ್ಯೂಸನ ಕಂಪನಿ ಸೈನ್ಯ ಘಟ್ಟವೇರಿ ಬಿದನೂರನ್ನು ಹಿಡಿಯಿತು; ಕೆಲವೇ ತಿಂಗಳಲ್ಲಿ ಟಿಪ್ಪು ಅದನ್ನು ಮರಳಿ ಪಡೆದನು. ಬಂದವರ ಯುದ್ಧದ ಬೆಲೆ ತೆತ್ತವರು ಸ್ಥಳದಲ್ಲಿ ಉಳಿದವರು. ಕಂಪನಿಗೆ ನೆರವಾದರೆಂಬ ಆರೋಪ ಹೊತ್ತ ಕೆನರಾ ಸೀಮೆಯ ಕ್ರೈಸ್ತರನ್ನು 1784ರಲ್ಲಿ ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ಯಲಾಯಿತು. ಅದೇ ವರ್ಷದ ಮಾರ್ಚಿನಲ್ಲಿ ಮಂಗಳೂರು ಒಪ್ಪಂದವಾಗಿ ಯುದ್ಧ ನಿಂತರೂ ಅವರಿಗೆ ಬಿಡುಗಡೆ ದೊರೆಯಲಿಲ್ಲ, 1799ರವರೆಗೆ ಕಾಯಬೇಕಾಯಿತು. ಅನೇಕರು ಮರಳಲೇ ಇಲ್ಲ.

ಮೂರನೆಯದು ನಿಧಾನದ ಕಥೆ. 1799ರ ಒಪ್ಪಂದದಂತೆ ಮೈಸೂರಿನ ರಕ್ಷಣೆಗೆ ಕಂಪನಿಯ ಸೈನ್ಯ ನೆಲೆಸಿತು. ಅದಕ್ಕಾಗಿ ವರ್ಷಕ್ಕೆ 7 ಲಕ್ಷ ವರಾಹ ತೆರಬೇಕಾಗಿತ್ತು. ಅಮಲ್ದಾರರು ಇಂತಿಷ್ಟು ಹಣ ಒಪ್ಪಿಸುವ ಶರತ್ತಿನ ಮೇಲೆ ಕಂದಾಯ ವಸೂಲಿಗೆ ಇಳಿದರು. ಅರಮನೆಯ ವೆಚ್ಚವೂ ಅಧಿಕಾರಿಗಳ ದುರಾಸೆಯೂ ಸೇರಿ ರೈತ ಬಸವಳಿದನು. 1830ರಲ್ಲಿ ನಗರ ಫೌಜುದಾರಿಯ ರೈತರು ದಂಗೆಯೆದ್ದರು. ಕೆಳದಿ ವಂಶದವನೆಂದು ಹೇಳಿಕೊಂಡ ಬೂದಿ ಬಸವಪ್ಪ ಅವರ ಮುಂದಾಳಾದನು. 1831ರಲ್ಲಿ ಬ್ರಿಟಿಷ್ ಸೈನ್ಯ ದಂಗೆಯನ್ನು ಅಡಗಿಸಿತು. ಅದೇ ವರ್ಷ ಗವರ್ನರ್ ಜನರಲ್ ಬೆಂಟಿಂಕ್ ರಾಜ್ಯದ ಆಡಳಿತವನ್ನೇ ಕೈಗೆತ್ತಿಕೊಂಡನು. ಕಮಿಷನರ್ ಮಾರ್ಕ್ ಕಬ್ಬನ್ ರಸ್ತೆಗಳನ್ನು ಮಾಡಿಸಿದನು, ಆಡಳಿತವನ್ನು ಒಂದು ಹದಕ್ಕೆ ತಂದನು, ಇದನ್ನು ಅಲ್ಲಗಳೆಯಲಾಗದು. ಆದರೆ ಅಧಿಕಾರ ಮರಳಿದ್ದು 1881ರಲ್ಲಿ, ಐವತ್ತು ವರ್ಷಗಳ ಬಳಿಕ. ಮುಮ್ಮಡಿ ಕೃಷ್ಣರಾಜ ಒಡೆಯರು ಅದನ್ನು ಕಾಣದೆ 1868ರಲ್ಲಿ ತೀರಿಕೊಂಡಿದ್ದರು.

ಇಂದಿನ ಜಗತ್ತಿಗೆ ಬರೋಣ. 2003ರ ಮಾರ್ಚಿನಲ್ಲಿ ಜಗದ್ಗುರು ಎರಡನೇ ಜಾನ್ ಪಾಲರು ಕಾರ್ಡಿನಲ್ ಪಿಯೊ ಲಾಘಿಯವರನ್ನು ವಾಷಿಂಗ್ಟನ್ನಿಗೆ ಕಳುಹಿಸಿ ಇರಾಕಿನ ಮೇಲೆ ಯುದ್ಧ ಬೇಡವೆಂದರು. ಆ ಮಾತು ನಡೆಯಲಿಲ್ಲ. ಸರ್ವಾಧಿಕಾರಿ ಉರುಳಿದನು, ನಿಜ. ಆದರೆ ರಾಜ್ಯವ್ಯವಸ್ಥೆಯೂ ಜೊತೆಗೇ ಉರುಳಿತು. 10 ಲಕ್ಷಕ್ಕೂ ಮಿಗಿಲೆಂದು ಅಂದಾಜಿಸಲಾಗಿದ್ದ ಅಲ್ಲಿನ ಕ್ರೈಸ್ತರು ಕೆಲವೇ ಲಕ್ಷಕ್ಕೆ ಇಳಿದರು. 1784ರ ಕೆನರಾದಲ್ಲಿ ಆದಂತೆಯೇ, ಪರರ ಸೈನ್ಯದ ಮತದವರೆಂಬ ಶಂಕೆಗೆ ದುರ್ಬಲರು ಗುರಿಯಾದರು. ಅಫಘಾನಿಸ್ತಾನದಲ್ಲಿ 2001ರಲ್ಲಿ ಉರುಳಿದ ತಾಲಿಬಾನ್ 2021ರಲ್ಲಿ ಮರಳಿ ಗದ್ದುಗೆಯೇರಿತು.

ಹಾಗಾದರೆ ಕೈಕಟ್ಟಿ ಕುಳಿತಿರುವುದೇ ಧರ್ಮವೇ? ಅದೂ ಅಲ್ಲ. 1994ರಲ್ಲಿ ರುವಾಂಡಾದಲ್ಲಿ ಲಕ್ಷಾಂತರ ಜನರ ಕೊಲೆಯಾಗುತ್ತಿದ್ದಾಗ ಜಗತ್ತು ಸುಮ್ಮನಿತ್ತು. ಆ ಮೌನವೂ ಪಾಪವೇ. 1971ರಲ್ಲಿ ಭಾರತದ ಸೈನ್ಯ ಪೂರ್ವ ಬಂಗಾಳವನ್ನು ಪ್ರವೇಶಿಸಿ, ಡಿಸೆಂಬರ್ 16ರಂದು ಜಯಗಳಿಸಿ, ಮರುವರ್ಷದ ಮಾರ್ಚಿನಲ್ಲಿ ಹಿಂತಿರುಗಿತು. ಅಲ್ಲಿ ಜನರ ಬೇಡಿಕೆಯಿತ್ತು, ಅವರದೇ ನಾಯಕತ್ವವಿತ್ತು. ಅದೇ ನಮ್ಮ ಸೈನ್ಯ 1987ರಲ್ಲಿ ಶಾಂತಿಪಾಲನೆಗೆಂದು ಶ್ರೀಲಂಕೆಗೆ ಹೋಗಿ, ಸುಮಾರು 1,200 ಯೋಧರನ್ನು ಕಳೆದುಕೊಂಡು, ಶಾಂತಿ ಕಾಣದೆ 1990ರಲ್ಲಿ ಮರಳಿತು. ಸೈನ್ಯ ಒಂದೇ, ಫಲ ಬೇರೆ.

ಆದುದರಿಂದ ವಾಚಕರು ಇಂಥ ಸುದ್ದಿಯನ್ನು ಓದುವಾಗ ಮೂರು ಪ್ರಶ್ನೆ ಕೇಳಬೇಕು. ಕರೆದವರು ಜನರೋ, ಗದ್ದುಗೆಯ ಆಸೆಯುಳ್ಳ ಒಬ್ಬನೋ? ಸೈನ್ಯದ ಖರ್ಚು ಯಾರ ಹೊಲದಿಂದ ಬರುವುದು? ಹಿಂತಿರುಗುವ ದಿನ ಗೊತ್ತಾಗಿದೆಯೋ? ಬಿದನೂರಿನಲ್ಲಿ ಈ ಪ್ರಶ್ನೆಗಳನ್ನು ಕೇಳುವವರಿರಲಿಲ್ಲ. ಅದರ ಫಲವನ್ನು ಮಲೆನಾಡಿನ ರೈತನು ಮೂರು ತಲೆಮಾರು ಉಂಡನು.