ಟ್ಯಾಂಕ್ ತುಂಬಲು ತಟ್ಟೆ ಖಾಲಿಯಾಗಬೇಕೆ?

ಪೆಟ್ರೋಲ್ ದರ ಏರಿದಾಗಲೆಲ್ಲ ಒಂದು ಸಮಾಧಾನದ ಮಾತು ಕೇಳಿಬರುತ್ತದೆ. ಬೆಲೆ ಏರಿದರೆ ಏರಲಿ, ಆಗಲಾದರೂ ಜನ ಪೆಟ್ರೋಲ್ ಬಿಟ್ಟು ವಿದ್ಯುತ್, ಗ್ಯಾಸ್, ಎಥನಾಲ್‌ನ ವಾಹನಗಳತ್ತ ಹೊರಳುತ್ತಾರೆ, ಪರಿಸರವೂ ವಿದೇಶಿ ವಿನಿಮಯವೂ ಉಳಿಯುತ್ತದೆ ಎಂಬ ವಾದವದು. ಕೇಳಲು ಚೆನ್ನಾಗಿದೆ. ಆದರೆ ಈ ಮಾತನ್ನಾಡುವವರು ಹೆಚ್ಚಾಗಿ ಎರಡನೆಯ ಕಾರು ಕೊಳ್ಳಬಲ್ಲವರು. ಬಾಡಿಗೆ ಆಟೋ ಓಡಿಸುವವನು, ಹಳೆಯ ಬೈಕಿನಲ್ಲಿ ಊರೂರು ಸುತ್ತಿ ಮೀನು ಮಾರುವವನು ಬೆಲೆ ಏರಿದರೆ ಹೊರಳುವುದಿಲ್ಲ, ನರಳುತ್ತಾನೆ. ಹೊಸ ವಾಹನಕ್ಕೆಂದು ಕೂಡಿಡಬಹುದಾಗಿದ್ದ ಹಣವನ್ನೇ ಏರಿದ ಬೆಲೆ ಅವನ ಜೇಬಿನಿಂದ ಕಿತ್ತುಕೊಂಡಿರುತ್ತದೆ.

ಬೆಲೆಯೇರಿಕೆಗೆ ಶಕ್ತಿಯಿಲ್ಲವೆಂದಲ್ಲ. ಬ್ರೆಜಿಲ್‌ನ ಉದಾಹರಣೆ ನೋಡಿ. 1973ರ ಅಕ್ಟೋಬರ್ ಯುದ್ಧದ ವೇಳೆ ಅರಬ್ ರಾಷ್ಟ್ರಗಳು ತೈಲ ನಿರ್ಬಂಧ ಹೇರಿದಾಗ, ಬ್ಯಾರೆಲ್‌ಗೆ 3 ಡಾಲರ್‌ನ ಆಸುಪಾಸಿನಲ್ಲಿದ್ದ ತೈಲ ಕೆಲವೇ ತಿಂಗಳಲ್ಲಿ 12 ಡಾಲರ್ ಸಮೀಪಿಸಿತು. ತೈಲದ ಬಹುಪಾಲನ್ನು ಆಮದು ಮಾಡಿಕೊಳ್ಳುತ್ತಿದ್ದ ಬ್ರೆಜಿಲ್ 1975ರಲ್ಲಿ ಕಬ್ಬಿನಿಂದ ಎಥನಾಲ್ ತೆಗೆಯುವ 'ಪ್ರೊಆಲ್ಕೂಲ್' ಯೋಜನೆಗೆ ಕೈಹಾಕಿತು. 1979ರಲ್ಲಿ ಸಂಪೂರ್ಣ ಎಥನಾಲ್‌ನಿಂದ ಓಡುವ ಫಿಯಟ್ 147 ಕಾರು ಮಾರುಕಟ್ಟೆಗೆ ಬಂತು. 80ರ ದಶಕದ ಮಧ್ಯಭಾಗದಲ್ಲಿ ಅಲ್ಲಿ ಮಾರಾಟವಾಗುತ್ತಿದ್ದ ಹೊಸ ಕಾರುಗಳಲ್ಲಿ ಹತ್ತಕ್ಕೆ ಒಂಬತ್ತು ಎಥನಾಲ್ ಕಾರುಗಳೇ. ಆದರೆ 1986ರಲ್ಲಿ ತೈಲ ಬೆಲೆ ಕುಸಿಯಿತು. ಸರ್ಕಾರದ ಉತ್ಸಾಹವೂ ಕುಸಿಯಿತು. ಸಕ್ಕರೆಗೆ ಒಳ್ಳೆಯ ಬೆಲೆ ಬಂದೊಡನೆ ಕಾರ್ಖಾನೆಗಳು ಕಬ್ಬನ್ನು ಸಕ್ಕರೆಗೆ ತಿರುಗಿಸಿದವು. 1989-90ರಲ್ಲಿ ಸರ್ಕಾರವನ್ನು ನಂಬಿ ಕಾರು ಕೊಂಡವರು ಎಥನಾಲ್‌ಗಾಗಿ ಸಾಲುಗಟ್ಟಿ ನಿಂತರು. ಎರಡೂ ಇಂಧನಗಳಿಂದ ಓಡುವ ಕಾರುಗಳು 2003ರಲ್ಲಿ ಬರುವ ತನಕ ಜನರ ನಂಬಿಕೆ ಮರಳಲಿಲ್ಲ. ಬೆಲೆಯೊಂದನ್ನೇ ನಂಬಿ ಹುಟ್ಟಿದ ಪರ್ಯಾಯ ಬೆಲೆಯೊಂದಿಗೇ ಬಾಡುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಕೆ?

ನಮ್ಮಲ್ಲಿಯೇ 2001ರಲ್ಲಿ ಬೆಂಗಳೂರಿನಿಂದ ರೇವಾ ಎಂಬ ವಿದ್ಯುತ್ ಕಾರು ಬಂತು. 2008ರ ಜುಲೈಯಲ್ಲಿ ತೈಲ ಬ್ಯಾರೆಲ್‌ಗೆ 147 ಡಾಲರ್ ಮುಟ್ಟಿದಾಗಲೂ ಅದು ನಮ್ಮ ರಸ್ತೆಗಳನ್ನು ತುಂಬಲಿಲ್ಲ. ಅದೇ ವರ್ಷದ ಕೊನೆಗೆ ತೈಲ 40 ಡಾಲರ್‌ಗಿಂತ ಕೆಳಗಿಳಿಯಿತು. ಇತ್ತ ತೈಲ ಮಾರಿ ಶ್ರೀಮಂತವಾದ ನಾರ್ವೆಯಲ್ಲಿ 2024ರಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ಸುಮಾರು ಶೇ. 89 ವಿದ್ಯುತ್ ಕಾರುಗಳು. ಕಾರಣ 1990ರ ದಶಕದಿಂದಲೇ ಅಲ್ಲಿನ ಸರ್ಕಾರಗಳು ಬಿಡದೆ ನೀಡಿದ ತೆರಿಗೆ ವಿನಾಯಿತಿ.

ಭಾರತದಲ್ಲಿ ನಡೆದದ್ದೇನು? 2014ರ ಬಳಿಕ ಜಾಗತಿಕ ತೈಲ ಬೆಲೆ ಪಾತಾಳಕ್ಕಿಳಿಯಿತು. ಆದರೆ 2014ರ ನವೆಂಬರ್‌ನಿಂದ 2016ರ ಜನವರಿಯೊಳಗೆ ಕೇಂದ್ರ ಸರ್ಕಾರ ಅಬಕಾರಿ ಸುಂಕವನ್ನು ಒಂಬತ್ತು ಬಾರಿ ಏರಿಸಿತು. ಜನ ಕೆಲಸ ಕಳಕೊಂಡು ಮನೆಯಲ್ಲಿ ಕುಳಿತ 2020ರಲ್ಲೂ ಸುಂಕ ಏರಿತು. 2020-21ರಲ್ಲಿ ಪೆಟ್ರೋಲ್, ಡೀಸೆಲ್‌ಗಳ ಅಬಕಾರಿ ಸುಂಕದಿಂದ ಬಂದದ್ದು ಸುಮಾರು 3.7 ಲಕ್ಷ ಕೋಟಿ ರೂಪಾಯಿ. ವಿದ್ಯುತ್ ವಾಹನಗಳ ಉತ್ತೇಜನಕ್ಕೆಂದು 2019ರಲ್ಲಿ ಮೂರು ವರ್ಷಗಳ ಅವಧಿಗೆ ಪ್ರಕಟಿಸಿದ ಮೊತ್ತ 10,000 ಕೋಟಿ! ಬಡವನಿಂದ ವಸೂಲಿ ಮಾಡುವಾಗ ಪರಿಸರದ ಹೆಸರು, ಖರ್ಚು ಮಾಡುವಾಗ ಪರಿಸರದ ನೆನಪೇ ಇಲ್ಲ.

ಇನ್ನು ಎಥನಾಲ್. ಪೆಟ್ರೋಲ್‌ಗೆ ಶೇ. 20ರಷ್ಟು ಎಥನಾಲ್ ಬೆರೆಸುವ ಗುರಿಯನ್ನು ಸರ್ಕಾರ 2030ರಿಂದ 2025ಕ್ಕೆ ಎಳೆದು ತಂದಿತು. ಕಬ್ಬು ಸಾಲದೆ ಮೆಕ್ಕೆಜೋಳ, ಅಕ್ಕಿಗಳಿಗೆ ಕೈಯಿಕ್ಕಲಾಯಿತು. 2023ರ ಜೂನ್‌ನಲ್ಲಿ ಕೇಂದ್ರವು ಮುಕ್ತ ಮಾರುಕಟ್ಟೆ ಯೋಜನೆಯಡಿ ರಾಜ್ಯ ಸರ್ಕಾರಗಳಿಗೆ ಅಕ್ಕಿ ಮಾರುವುದನ್ನು ನಿಲ್ಲಿಸಿತು. ಅನ್ನಭಾಗ್ಯದ ಹೆಚ್ಚುವರಿ ಅಕ್ಕಿಯ ಬದಲು ಕರ್ನಾಟಕ ಸರ್ಕಾರ ಕಿಲೋಗೆ 34 ರೂಪಾಯಿಯಂತೆ ಹಣ ಹಂಚಬೇಕಾಯಿತು. ಅದೇ ಜೂನ್‌ನಲ್ಲಿ ಆಹಾರ ನಿಗಮದ ಅಕ್ಕಿ ಎಥನಾಲ್ ಕಾರ್ಖಾನೆಗಳಿಗೆ ಕಿಲೋಗೆ 20 ರೂಪಾಯಿಗೆ ಸಿಗುತ್ತಿತ್ತು. ಜುಲೈಯಲ್ಲಿ ಅದೂ ನಿಂತಿತು ನಿಜ, ಆದರೆ 2024ರಲ್ಲಿ ಮತ್ತೆ ಬಾಗಿಲು ತೆರೆಯಿತು. 2025ರ ಜನವರಿಯಲ್ಲಿ ಕಾರ್ಖಾನೆಗಳಿಗೆ ನಿಗದಿಯಾದ ದರ 22.50 ರೂಪಾಯಿ. ರಾಜ್ಯ ಸರ್ಕಾರಗಳಿಗೂ ಅದೇ ದರ. ಹಸಿದ ಹೊಟ್ಟೆಯನ್ನೂ ಕಾರಿನ ಟ್ಯಾಂಕನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಯಾವ ನ್ಯಾಯ? ವಿಶ್ವಸಂಸ್ಥೆಯ ಆಹಾರ ಹಕ್ಕಿನ ವಿಶೇಷ ವರದಿಗಾರರಾಗಿದ್ದ ಜೀನ್ ಝೀಗ್ಲರ್ 2007ರಲ್ಲೇ, ಆಹಾರದ ಬೆಳೆಯನ್ನು ಇಂಧನವಾಗಿಸುವುದನ್ನು ಮನುಕುಲದ ವಿರುದ್ಧದ ಅಪರಾಧವೆಂದು ಕರೆದಿದ್ದರು.

ಇದರಿಂದ ರೈತನಿಗೆ ಲಾಭವಲ್ಲವೇ ಎಂದು ಕೇಳಬಹುದು. ಹಾಗಾದರೆ 2025ರ ನವೆಂಬರ್‌ನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರದಲ್ಲಿ ಕಬ್ಬು ಬೆಳೆಗಾರರು ಟನ್ನಿಗೆ 3,500 ರೂಪಾಯಿ ಕೇಳುತ್ತಾ ರಸ್ತೆಯಲ್ಲೇಕೆ ಕುಳಿತರು?

ನೀರು, ಹುಲ್ಲು, ಬೆಂಕಿ - ಈ ಮೂರರಲ್ಲಿ ಜನರೆಲ್ಲರೂ ಪಾಲುದಾರರು ಎಂದು ಪ್ರವಾದಿ ಮುಹಮ್ಮದ್(ಸ) ಕಲಿಸಿದ್ದಾರೆ. ಬೆಂಕಿಯೆಂದರೆ ಇಂಧನವೂ ಹೌದೆಂದು ಅನೇಕ ವಿದ್ವಾಂಸರು ವಿವರಿಸಿದ್ದಾರೆ. ಇಂಧನ ಕೇವಲ ಮಾರಾಟದ ಸರಕಲ್ಲ, ಸಮುದಾಯದ ಹಕ್ಕು ಎಂಬ ಈ ದೃಷ್ಟಿ ನಮ್ಮ ನೀತಿಗೆ ಬರಬೇಕಾಗಿದೆ. ಪರ್ಯಾಯ ಇಂಧನ ಬೇಕು, ಸಂಶಯವಿಲ್ಲ. ಆದರೆ ಅದು ಬಡವನ ಬಸ್ಸಿನಿಂದ, ಆಟೋದಿಂದ ಆರಂಭವಾಗಲಿ. ಪೆಟ್ರೋಲ್ ಸುಂಕದ ನಿಶ್ಚಿತ ಪಾಲು ವಿದ್ಯುತ್ ಬಸ್ಸುಗಳಿಗೆ, ಆಟೋ ಚಾಲಕರ ಬಡ್ಡಿರಹಿತ ಸಾಲಕ್ಕೆ ಮೀಸಲಾಗಲಿ. ಮನುಷ್ಯ ಉಣ್ಣಬಹುದಾದ ಧಾನ್ಯ ಟ್ಯಾಂಕ್ ಸೇರದಿರಲಿ. ಅಷ್ಟನ್ನು ಮಾಡದೆ, ಬೆಲೆಯೇರಿಕೆಯನ್ನೇ ಪರಿಸರ ಪ್ರೇಮವೆಂದು ಬೋಧಿಸುವುದು ಹಸಿದವನಿಗೆ ಉಪವಾಸದ ಮಹತ್ವ ಹೇಳಿದಂತೆ.