ಒಣಗುವ ಕುಂಟೆಯನ್ನೂ ಉಳಿಸಿ

ಕೋಲಾರದ ಎಷ್ಟೋ ಕೆರೆಗಳಲ್ಲಿ ಈಗ ಏಪ್ರಿಲ್ ತಿಂಗಳಲ್ಲೂ ನೀರಿದೆ. 2018ರ ಜೂನ್‌ನಲ್ಲಿ ಕೆ.ಸಿ. ವ್ಯಾಲಿ ನೀರು ಲಕ್ಷ್ಮೀಸಾಗರ ಕೆರೆಗೆ ಬಂದಾಗಿನಿಂದ ಈ ಜಿಲ್ಲೆಯಲ್ಲಿ ನೀರಿನ ಮಾತೆಂದರೆ ಅದೇ ಮಾತು. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆಯನ್ನು ಎರಡನೇ ಹಂತದವರೆಗೆ ಶುದ್ಧೀಕರಿಸಿ, ದಿನಕ್ಕೆ 44 ಕೋಟಿ ಲೀಟರ್ ಲೆಕ್ಕದಲ್ಲಿ 126 ಕೆರೆಗಳಿಗೆ ತುಂಬಿಸುವ ಯೋಜನೆ ಅದು. ಮರುತಿಂಗಳೇ ಕೆರೆಯಲ್ಲಿ ನೊರೆ ಎದ್ದಿತು, ವಿಷಯ ಹೈಕೋರ್ಟ್, ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. ಮೂರನೇ ಹಂತದ ಶುದ್ಧೀಕರಣ ಆಗಲೇಬೇಕು ಎನ್ನುವವರ ಜೊತೆ ನಾನೂ ಇದ್ದೇನೆ. ಬತ್ತಿಹೋಗಿದ್ದ ಬೋರ್‌ವೆಲ್‌ಗೆ ನೀರು ಬಂದಾಗ ರೈತನ ಮುಖ ಹೇಗಾಗುತ್ತದೆ ಎಂಬುದನ್ನೂ ನೋಡಿದ್ದೇನೆ. ಆ ವಾದವನ್ನು ಇಲ್ಲಿ ಮತ್ತೆ ಎತ್ತುವುದಿಲ್ಲ. ನನ್ನ ತಕರಾರು ಬೇರೆ. ದೊಡ್ಡ ಕೆರೆ ತುಂಬಿಸುವ ಈ ಭರಾಟೆಯಲ್ಲಿ ನಮ್ಮೂರುಗಳ ಕುಂಟೆಗಳನ್ನು ಮುಚ್ಚಿಹಾಕುತ್ತಿದ್ದೇವೆ. ಅದರ ಜೊತೆಗೆ ಬಯಲುಸೀಮೆಯ ಕಪ್ಪೆಗಳನ್ನೂ.

ಮಾಲೂರು, ಶ್ರೀನಿವಾಸಪುರ, ಈಗ ಮುಳಬಾಗಿಲು ಎಂದು ಈ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಗಳಲ್ಲೇ ವಿಜ್ಞಾನ ಪಾಠ ಮಾಡಿಕೊಂಡು ಬಂದವನು ನಾನು. ಪಠ್ಯಪುಸ್ತಕದಲ್ಲಿ ಕಪ್ಪೆಯ ಜೀವನಚಕ್ರದ ಚಿತ್ರ ಇರುತ್ತದೆ: ಮೊಟ್ಟೆ, ಗೊದಮೊಟ್ಟೆ, ಬಾಲವಿರುವ ಮರಿ, ಕಪ್ಪೆ. ಆ ಚಿತ್ರದಲ್ಲಿ ನೀರು ಸದಾ ಇರುತ್ತದೆ. ಕೋಲಾರದ ಬಹುಪಾಲು ಕಪ್ಪೆಗಳ ಬದುಕಿನಲ್ಲಿ ಹಾಗಿಲ್ಲ. ವರ್ಷದ ಹೆಚ್ಚಿನ ದಿನ ಒಣಗಿಯೇ ಇರುವ ಜಾಗದಲ್ಲಿ, ನೆಲದೊಳಗೆ, ಅವು ಕಾಯುತ್ತಿರುತ್ತವೆ.

ನೆಲ ಅಗೆಯುವ ಕಪ್ಪೆಯನ್ನು ಮಕ್ಕಳಿಗೆ ತೋರಿಸಬೇಕೆಂದರೆ ಮಳೆಗಾಲದ ಶುರುವಿನಲ್ಲಿ ಒಂದು ಸಂಜೆ ರಾಗಿ ಹೊಲದ ಬದುವಿಗೆ ಕರೆದುಕೊಂಡು ಹೋದರೆ ಸಾಕು. ಗುಂಡುಗುಂಡಾದ ಮೈ, ಗಿಡ್ಡ ಕಾಲು, ಮಣ್ಣಿನದೇ ಬಣ್ಣ. ಹಿಡಿದು ಸಡಿಲ ಮಣ್ಣಿನ ಮೇಲೆ ಬಿಟ್ಟರೆ ನೆಗೆದು ಓಡುವುದಿಲ್ಲ. ಮುಂಗಾಲು ಊರಿಕೊಂಡು, ಹಿಂಗಾಲಿನ ಪಾದದಲ್ಲಿರುವ ಗಟ್ಟಿ ಗುಬಟಿನಿಂದ ಎಡಕ್ಕೊಮ್ಮೆ ಬಲಕ್ಕೊಮ್ಮೆ ಮಣ್ಣು ತಳ್ಳುತ್ತ ಹಿಮ್ಮುಖವಾಗಿ ಇಳಿಯತೊಡಗುತ್ತದೆ. ಮೊದಲು ಸೊಂಟ ಮುಳುಗುತ್ತದೆ, ಆಮೇಲೆ ಬೆನ್ನು. ಕೊನೆಗೆ ಎರಡು ಕಣ್ಣು ಮಾತ್ರ ಮೇಲೆ ಉಳಿದು, ಒಂದು ಸಲ ರೆಪ್ಪೆ ಮುಚ್ಚಿ, ಅವೂ ಮಣ್ಣಿನೊಳಗೆ ಹೋಗಿಬಿಡುತ್ತವೆ. ಎಂಟನೇ ತರಗತಿಯ ಮಕ್ಕಳು ಇಷ್ಟು ಮೌನವಾಗಿ ನಿಂತು ನೋಡುವ ಪಾಠ ನನ್ನ ಬಳಿ ಇನ್ನೊಂದಿಲ್ಲ.

ಮುಂಗಾರಿಗೆ ಮುಂಚಿನ ದೊಡ್ಡ ಮಳೆ ಬಿದ್ದ ರಾತ್ರಿ ಇವೆಲ್ಲ ಒಟ್ಟಿಗೆ ಮೇಲೆ ಬರುತ್ತವೆ. ಭರಣಿಯೋ ಕೃತ್ತಿಕೆಯೋ ರೋಹಿಣಿಯೋ, ಯಾವ ಮಳೆ ಎಂಬುದು ವರ್ಷದಿಂದ ವರ್ಷಕ್ಕೆ ಬೇರೆ. ಕುಂಟೆಯಲ್ಲಿ ಮೊಣಕಾಲುದ್ದ ನೀರು ನಿಂತಿರಬೇಕು, ಅಷ್ಟೆ. ಗೂಳಿಕಪ್ಪೆಯ ಗಂಡು ಆ ಹೊತ್ತಿಗೆ ಅರಿಶಿನ ಬಳಿದಂತೆ ಹಳದಿಯಾಗಿರುತ್ತದೆ, ಗಂಟಲ ಎರಡು ಪಕ್ಕದಲ್ಲಿ ನೀಲಿ ಚೀಲಗಳು ಉಬ್ಬುತ್ತವೆ. ಆ ಬಣ್ಣ ಸಂತಾನದ ಕಾಲಕ್ಕಷ್ಟೇ, ಆಮೇಲೆ ಮತ್ತೆ ಕಂದು ಹಸಿರು. ಕೂಗು, ಕೂಡುವುದು, ಮೊಟ್ಟೆ ಇಡುವುದು ಎಲ್ಲ ಕೆಲವೇ ರಾತ್ರಿಗಳಲ್ಲಿ ಮುಗಿಯಬೇಕು. ಮೊಟ್ಟೆಯಿಂದ ಬಂದ ಗೊದಮೊಟ್ಟೆಗೆ ಇರುವ ಸಮಯ ಕೆಲವು ವಾರ. ಅಷ್ಟರೊಳಗೆ ಕಾಲು ಬೆಳೆದು, ಬಾಲ ಕರಗಿ, ಉಸಿರಾಟ ಬದಲಾಗಿ ದಡ ಹತ್ತದಿದ್ದರೆ ಕುಂಟೆಯ ಜೊತೆ ಅದೂ ಒಣಗುತ್ತದೆ.

ಇಷ್ಟು ಕಷ್ಟಪಟ್ಟು ಒಣಗುವ ನೀರಿನಲ್ಲೇ ಯಾಕೆ ಮರಿ ಮಾಡಬೇಕು, ಪಕ್ಕದಲ್ಲೇ ದೊಡ್ಡ ಕೆರೆ ಇದೆಯಲ್ಲ ಎಂದು ಮಕ್ಕಳು ಕೇಳುತ್ತಾರೆ. ಉತ್ತರ ಮೀನು. ವರ್ಷವಿಡೀ ನೀರಿರುವ ಕಡೆ ಮೀನಿರುತ್ತದೆ, ಮೀನಿಗೆ ಕಪ್ಪೆಯ ಮೊಟ್ಟೆ, ಗೊದಮೊಟ್ಟೆಗಿಂತ ಸುಲಭದ ಆಹಾರವಿಲ್ಲ. ಕುಂಟೆ ಪ್ರತಿವರ್ಷ ಒಣಗುವುದರಿಂದ ಅಲ್ಲಿ ಮೀನು ನೆಲೆ ನಿಲ್ಲಲಾರದು. ಒಣಗುವುದು ಕುಂಟೆಯ ಕೊರತೆಯಲ್ಲ, ಅದೇ ಅದರ ಗುಣ. ಈ ಒಂದು ಮಾತು ನಮ್ಮ ಯೋಜನೆ ಬರೆಯುವವರಿಗೆ ಅರ್ಥವಾಗಬೇಕು ಎಂಬುದಕ್ಕೇ ಈ ಲೇಖನ ಬರೆಯುತ್ತಿದ್ದೇನೆ.

ತುಂಬಿದ ಕೆರೆಗಳ ಕಥೆ ನೋಡಿ. ನೀರು ಬಂದ ಕೂಡಲೇ ಮೀನಿನ ಮರಿ ಬಿಡುತ್ತಾರೆ; ಕಾಟ್ಲಾ, ರೋಹು. ಬಿಡದೆಯೇ ಹಬ್ಬುವ ಜಿಲೇಬಿ ಮೀನು ಬೇರೆ. ಜೊಂಡು, ಅಂತರಗಂಗೆ ದಡದುದ್ದಕ್ಕೂ ಬೆಳೆದಿದೆ. ನೀರ ಮೇಲೆ ಜಾರುವ ಸಾಧಾರಣ ಕೆರೆಗಪ್ಪೆಗೆ ಇದು ಸಾಕು, ಅದು ಹೇಗೋ ಬದುಕುತ್ತದೆ. ನೆಲ ಅಗೆಯುವ ಕಪ್ಪೆಗೆ, ಗೆದ್ದಲು ಇರುವೆ ತಿಂದು ಬದುಕುವ ಬಲೂನು ಕಪ್ಪೆಗೆ, ಹೆಬ್ಬೆರಳಿನ ಉಗುರಿನಷ್ಟೇ ಇರುವ ಕಿರುಬಾಯಿ ಕಪ್ಪೆಗೆ ಇಂಥ ಕೆರೆ ಬೇಡ. ಅವಕ್ಕೆ ಬೇಕಾದದ್ದು ಊರಾಚೆಯ ದಿನ್ನೆಯ ಕೆಳಗೆ ಮಳೆನೀರು ನಿಲ್ಲುವ ತಗ್ಗು, ಗೋಕಟ್ಟೆ, ಗುಂಡುತೋಪಿನ ಪಕ್ಕದ ಹೊಂಡ.

ಆ ಜಾಗಗಳು ಏನಾದವು? ಮಾಲೂರಿನ ಕಡೆ ಕುಂಟೆಯ ಜೇಡಿಮಣ್ಣು ಇಟ್ಟಿಗೆ, ಹೆಂಚಿನ ಗೂಡುಗಳಿಗೆ ಹೋಯಿತು. ಮೇಲಿನ ಬಯಲಿಗೆ ನೀಲಗಿರಿ ಬಂತು. 2017ರಲ್ಲಿ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿದ್ದು ಒಳ್ಳೆಯದೇ, ಆದರೆ ನೀಲಗಿರಿ ಕಿತ್ತ ಜಾಗ ಲೇಔಟ್ ಆದರೆ ಕಪ್ಪೆಗೆ ಬಂದ ಲಾಭವೇನು? ನಾನು ಪಾಠ ಮಾಡುತ್ತಿದ್ದ ಒಂದು ಶಾಲೆಯ ಹಿಂದಿನ ಕುಂಟೆಯನ್ನು ಒಂದು ಬೇಸಗೆಯಲ್ಲಿ ಟ್ರ್ಯಾಕ್ಟರ್ ಮಣ್ಣು ಸುರಿದು ಸಮ ಮಾಡಿದರು. ಕೇಳಿದ್ದಕ್ಕೆ, ‘ನೀರೇ ಇಲ್ದಿದ್ ಜಾಗ ಅಲ್ವಾ ಮೇಷ್ಟ್ರೇ’ ಎಂಬ ಉತ್ತರ. ಹೇಳಿದವರು ಕೆಟ್ಟವರಲ್ಲ. ಏಪ್ರಿಲ್‌ನಲ್ಲಿ ನೋಡಿದ ಯಾರಿಗಾದರೂ ಅದು ಖಾಲಿ ಜಾಗವೇ. ಆ ಮಣ್ಣಿನ ಅಡಿಯಲ್ಲಿ ಎಷ್ಟು ಜೀವ ಮಳೆಗಾಗಿ ಕಾದು ಕುಳಿತಿತ್ತು ಎಂಬುದು ಕಣ್ಣಿಗೆ ಕಾಣುವಂಥದ್ದಲ್ಲ.

ಮುಚ್ಚದೆ ‘ಅಭಿವೃದ್ಧಿ’ ಮಾಡಿದ ಕುಂಟೆಗಳ ಸ್ಥಿತಿಯೂ ನನ್ನನ್ನು ಚಿಂತೆಗೆ ಹಚ್ಚಿದೆ. ನರೇಗಾದಲ್ಲಿ ಹೂಳೆತ್ತುವುದು, 2022ರಲ್ಲಿ ಶುರುವಾದ ಅಮೃತ ಸರೋವರ ಯೋಜನೆಯಲ್ಲಿ ಎಕರೆ ಅಗಲದ ಹೊಂಡ ತೆಗೆಯುವುದು, ಇವೆಲ್ಲ ಒಳ್ಳೆಯ ಉದ್ದೇಶದ ಕೆಲಸಗಳೇ. ಆದರೆ ಜೆಸಿಬಿ ತೋಡಿದ ಹೊಂಡದ ನಾಲ್ಕು ಬದಿಯೂ ಗೋಡೆಯಂತೆ ಕಡಿದಾಗಿರುತ್ತದೆ, ಮೇಲೆ ಕಲ್ಲು ಕಟ್ಟುತ್ತಾರೆ. ಕಪ್ಪೆ ಮೊಟ್ಟೆ ಇಡುವುದು ದಡದ ಗೇಣುದ್ದದ ನೀರಿನಲ್ಲಿ, ಹುಲ್ಲಿನ ನಡುವೆ. ಆ ದಡವನ್ನೇ ಕತ್ತರಿಸಿ ತೆಗೆದರೆ ಎಷ್ಟು ನೀರು ನಿಂತರೇನು? ಒಂದು ಬದಿಯನ್ನಾದರೂ ದನ ಇಳಿಯುವಂತೆ ಇಳಿಜಾರು ಬಿಟ್ಟರೆ ಕಪ್ಪೆಗೂ ಆಯಿತು, ದನಕ್ಕೂ ಆಯಿತು. ಇದಕ್ಕೆ ಹೆಚ್ಚಿನ ಹಣ ಬೇಡ. ಅಂದಾಜುಪಟ್ಟಿಯಲ್ಲಿ ಒಂದು ಸಾಲು ಬೇಕು.

2014ರಲ್ಲಿ ಬಂದ ಕೃಷಿಭಾಗ್ಯದ ಹೊಂಡಗಳ ವಿಚಾರವೂ ಹೀಗೆಯೇ. ಶ್ರೀನಿವಾಸಪುರದ ಮಾವಿನ ತೋಟಗಳಲ್ಲಿ, ಮುಳಬಾಗಿಲಿನ ಟೊಮ್ಯಾಟೊ ಹೊಲಗಳಲ್ಲಿ ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡಗಳಿವೆ. ರೈತನಿಗೆ ಅವು ಬೇಕು. ರಾತ್ರಿ ನೀರಿನ ವಾಸನೆ ಹಿಡಿದು ಬರುವ ನೆಲಗಪ್ಪೆ ಅದರೊಳಗೆ ಇಳಿಯುತ್ತದೆ, ನುಣುಪಾದ ಹಾಳೆಯ ಮೇಲೆ ಕಾಲು ನಿಲ್ಲದೆ ಜಾರುತ್ತದೆ. ಬೆರಳ ತುದಿಯಲ್ಲಿ ಅಂಟುಬಿಲ್ಲೆ ಇರುವ ಮರಗಪ್ಪೆ ಹತ್ತಿ ಹೊರಬಂದೀತು. ಅಗೆಯುವ ಕಾಲಿನ ಕಪ್ಪೆ ಬರಲಾರದು. ಬೆಳಿಗ್ಗೆ ಹೊಂಡದ ಮೂಲೆಯಲ್ಲಿ ಸತ್ತು ತೇಲುವುದನ್ನು ನಾನು ನೋಡಿದ್ದೇನೆ. ಹೊಂಡದ ನಾಲ್ಕು ಮೂಲೆಗೆ ತೆಂಗಿನ ನಾರಿನ ಹಗ್ಗವನ್ನೋ ಹಳೆಯ ಗೋಣಿಚೀಲವನ್ನೋ ಮೇಲಿನಿಂದ ನೀರಿನವರೆಗೆ ಇಳಿಬಿಟ್ಟರೆ ಅವು ಹತ್ತಿಕೊಂಡು ಬರುತ್ತವೆ. ಹೊಂಡಕ್ಕೆ ಸಹಾಯಧನ ಕೊಡುವ ಇಲಾಖೆ ಈ ಹಗ್ಗವನ್ನೂ ಷರತ್ತಿನಲ್ಲಿ ಸೇರಿಸಲಿ. ಕಾಲು ಜಾರಿದ ಮನುಷ್ಯನ ಕೈಗೂ ಅದೇ ಹಗ್ಗ ಸಿಗುತ್ತದೆ.

ಟೊಮ್ಯಾಟೊ ಎಂದ ಮೇಲೆ ಔಷಧಿಯ ಮಾತು ಬಿಡುವಂತಿಲ್ಲ. ಕಪ್ಪೆ ನೀರನ್ನು ಬಾಯಿಂದ ಕುಡಿಯುವುದಿಲ್ಲ, ಚರ್ಮದ ಮೂಲಕ ಹೀರುತ್ತದೆ, ಉಸಿರಾಟದ ಒಂದು ಪಾಲೂ ಚರ್ಮದಿಂದಲೇ. ಹೊಲಕ್ಕೆ ಹೊಡೆದದ್ದು ನೇರವಾಗಿ ಅದರ ಮೈಯೊಳಗೆ ಇಳಿಯುತ್ತದೆ. ಅಟ್ರಝೀನ್ ಎಂಬ ಕಳೆನಾಶಕ ಅತಿ ಕಡಿಮೆ ಪ್ರಮಾಣದಲ್ಲಿದ್ದರೂ ಗಂಡು ಕಪ್ಪೆಗಳ ಜನನಾಂಗವನ್ನು ಕೆಡಿಸುತ್ತದೆ ಎಂದು ಅಮೆರಿಕದ ವಿಜ್ಞಾನಿ ಟೈರೋನ್ ಹೇಯ್ಸ್ 2002ರಲ್ಲಿ ಪ್ರಕಟಿಸಿದರು. ತಯಾರಕ ಕಂಪನಿಯೊಂದಿಗೆ ಆ ವಾದ ವರ್ಷಗಟ್ಟಲೆ ನಡೆಯಿತು. ನಮ್ಮ ರೈತರಿಗೆ ಔಷಧಿ ಬಿಡಿ ಎಂದು ಹೇಳುವ ಅಧಿಕಾರ ನನಗಿಲ್ಲ. ಬೆಲೆ ಬಿದ್ದು ಟೊಮ್ಯಾಟೊವನ್ನು ರಸ್ತೆಗೆ ಸುರಿದು ಹೋಗುವವರ ಕಷ್ಟ ಎಲ್ಲರಿಗೂ ಗೊತ್ತು. ಔಷಧಿ ಕ್ಯಾನನ್ನು ಕುಂಟೆಯಲ್ಲಿ ತೊಳೆಯಬೇಡಿ, ಕುಂಟೆಯ ಸುತ್ತ ಹತ್ತು ಮಾರು ಹುಲ್ಲು ಬಿಡಿ ಎಂದಷ್ಟೇ ಕೇಳುತ್ತೇನೆ.

ಕಪ್ಪೆ ಕಾಪಾಡುವ ಕಾನೂನು ನಮ್ಮಲ್ಲಿ ಇಲ್ಲದೆ ಇಲ್ಲ. ಒಂದು ಕಾಲಕ್ಕೆ ಭಾರತದಿಂದ ಸಾವಿರಾರು ಟನ್ ಕಪ್ಪೆಕಾಲು ಹೊರದೇಶಗಳಿಗೆ ಹೋಗುತ್ತಿತ್ತು. ಮುಖ್ಯವಾಗಿ ಇದೇ ಗೂಳಿಕಪ್ಪೆಯ ಕಾಲು. 1987ರಲ್ಲಿ ರಫ್ತು ನಿಲ್ಲಿಸಿದರು. ಕತ್ತಿಯಿಂದ ಉಳಿಸಿದ ಆ ಪ್ರಾಣಿಯ ಮನೆಯನ್ನು ಟ್ರ್ಯಾಕ್ಟರ್ ಮಣ್ಣಿನಿಂದ ಉಳಿಸುವ ಕಾನೂನನ್ನು ಯಾರೂ ಬಳಸುತ್ತಿಲ್ಲ.

ಇನ್ನೊಂದು ಆಕ್ಷೇಪಣೆ ಪ್ರತಿ ಊರಲ್ಲೂ ಬರುತ್ತದೆ: ಕುಂಟೆ ಇದ್ದರೆ ಸೊಳ್ಳೆ. ಡೆಂಗಿ ಸೊಳ್ಳೆ ಮರಿಯಾಗುವುದು ಮನೆಯ ಡ್ರಮ್ಮು, ಹಳೆಯ ಟೈರು, ತೆಂಗಿನ ಚಿಪ್ಪಿನಲ್ಲಿ. ಜೀವಂತ ಕುಂಟೆಯಲ್ಲಿ ಸೊಳ್ಳೆ ಮರಿಯನ್ನು ತಿನ್ನಲು ಗೂಳಿಕಪ್ಪೆಯ ಗೊದಮೊಟ್ಟೆ, ಏರೋಪ್ಲೇನ್ ಚಿಟ್ಟೆಯ ಮರಿ, ನೀರುಜೀರುಂಡೆ ಎಲ್ಲ ಇರುತ್ತವೆ. ಅಲ್ಲಿಗೆ ಗ್ಯಾಂಬೂಸಿಯಾ ಮೀನು ತಂದು ಬಿಟ್ಟರೆ ಅದು ಸೊಳ್ಳೆಯ ಜೊತೆ ಕಪ್ಪೆಯ ಮೊಟ್ಟೆಯನ್ನೂ ಗೊದಮೊಟ್ಟೆಯನ್ನೂ ತಿಂದು ಮುಗಿಸುತ್ತದೆ. 1928ರಲ್ಲಿ ಹೊರಗಿನಿಂದ ನಮ್ಮ ದೇಶಕ್ಕೆ ತಂದ ಮೀನು ಅದು. ಬಾವಿ, ತೊಟ್ಟಿಗಳಿಗೆ ಬೇಕಾದರೆ ಬಿಡಲಿ, ಕುಂಟೆಗೆ ಬೇಡ.

ಜಗತ್ತಿನ ಉಭಯಚರಗಳಲ್ಲಿ ಶೇ 41ರಷ್ಟು ಪ್ರಭೇದಗಳು ಅಳಿವಿನ ಅಪಾಯದಲ್ಲಿವೆ ಎಂದು 2023ರ ಜಾಗತಿಕ ಸಮೀಕ್ಷೆ ಹೇಳಿತು. ಆ ಪಟ್ಟಿಯಲ್ಲಿ ನಮ್ಮ ಬಯಲಿನ ಸಾಮಾನ್ಯ ಕಪ್ಪೆಗಳನ್ನು ಹುಡುಕಬೇಡಿ. ಅವುಗಳ ಮುಂದೆ ‘ಆತಂಕ ಇಲ್ಲ’ ಎಂದು ಬರೆದಿರುತ್ತದೆ, ಹಾಗಾಗಿ ಅವಕ್ಕೆ ಯೋಜನೆಯೂ ಇಲ್ಲ, ಹಣವೂ ಇಲ್ಲ. ಘಟ್ಟದ ಕಪ್ಪೆಗೆ ಸಿಗುವ ಗೌರವ ಇವಕ್ಕೆ ಸಿಕ್ಕಿಲ್ಲ. ಮೊಟ್ಟೆಗೆ ಮಣ್ಣು ಮೆತ್ತುವ ಕುಂಬಾರ ಕಪ್ಪೆಯನ್ನು ಕೆ.ವಿ. ಗುರುರಾಜ ಮತ್ತು ಸಂಗಡಿಗರು 2014ರಲ್ಲಿ ಜಗತ್ತಿಗೆ ಪರಿಚಯಿಸಿದಾಗ ನಾವೆಲ್ಲ ಹೆಮ್ಮೆಪಟ್ಟೆವು, ಪಡಬೇಕಾದದ್ದೇ. ಆದರೆ 2020ರಲ್ಲಿ ಬೆಂಗಳೂರಿನ ಹೊರವಲಯದ ರಾಜಾನುಕುಂಟೆ ಕಡೆಯ ಬಯಲಿನಲ್ಲಿ ನೆಲ ಅಗೆಯುವ ಹೊಸ ಪ್ರಭೇದವೊಂದು ಸಿಕ್ಕಿ, ಅದಕ್ಕೆ ಬೆಂಗಳೂರಿನ ಹೆಸರನ್ನೇ ಇಟ್ಟರು. ಅಲ್ಲಿಂದ ನಮ್ಮ ಮಾಲೂರು ಎಷ್ಟು ದೂರ? ನಮ್ಮ ಕುಂಟೆಗಳಲ್ಲಿ ಏನಿದೆ ಎಂದು ಎಣಿಸಿ ನೋಡುವ ಮೊದಲೇ ಮುಚ್ಚುತ್ತಿದ್ದೇವೆ. ಇದೇ ಜಿಲ್ಲೆಯ ಹನುಮನಹಳ್ಳಿಯ ಗುಹೆಯಲ್ಲಿರುವ ಎಲೆಮೂಗಿನ ಬಾವಲಿ ಈಗ ಜಗತ್ತಿನಲ್ಲಿ ಬೇರೆಲ್ಲೂ ಉಳಿದಂತೆ ಕಾಣುವುದಿಲ್ಲ. ಕಲ್ಲುಗಣಿಗೆ ಬಲಿಯಾಗಲಿದ್ದ ಆ ಗುಹೆಯನ್ನು ಉಳಿಸಲು ಅರಣ್ಯ ಇಲಾಖೆ ಮುಂದೆ ಬಂತು. ಮನಸ್ಸು ಮಾಡಿದರೆ ಆಗುತ್ತದೆ.

ಮಾಡಬೇಕಾದ ಕೆಲಸಕ್ಕೆ ಹೊಸ ಕಾನೂನು ಬೇಕಾಗಿಲ್ಲ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನತಾ ಜೀವವೈವಿಧ್ಯ ದಾಖಲಾತಿ ಇರಬೇಕು. ಬಹಳ ಕಡೆ ಆ ದಾಖಲಾತಿ ಬೀರುವಿನಲ್ಲಿ ಮಲಗಿದೆ. ಅದನ್ನು ತೆಗೆಸಿ. ಊರ ಸರ್ವೆ ನಕ್ಷೆಯಲ್ಲಿ ಕುಂಟೆ, ಕಟ್ಟೆ, ಬಿ ಖರಾಬು ಎಂದು ತೋರಿಸಿರುವ ಪ್ರತಿ ಜಾಗವನ್ನು ಸರ್ವೆ ನಂಬರ್ ಸಮೇತ ಅದರಲ್ಲಿ ಬರೆಸಿ. ಮುಂದಿನ ಗ್ರಾಮಸಭೆಯಲ್ಲಿ ಅದನ್ನು ಓದಿಸಿ, ಒತ್ತುವರಿಯಾದದ್ದನ್ನು ತಹಶೀಲ್ದಾರರಿಗೆ ಬರೆದು ಕಳಿಸಿ. ಕೆ.ಸಿ. ವ್ಯಾಲಿ ಪೈಪು ಎಳೆಯುವಾಗ ಈ ಸಣ್ಣ ಕುಂಟೆಗಳನ್ನು ಬಿಟ್ಟು ಎಳೆಯಿರಿ ಎಂದು ಸಣ್ಣ ನೀರಾವರಿ ಇಲಾಖೆಗೆ ಒಂದು ನಿರ್ಣಯ ಹೋಗಲಿ. ಯಾವ ಕುಂಟೆಯಲ್ಲಿ ಯಾವ ಕಪ್ಪೆ ಕೂಗುತ್ತದೆ ಎಂದು ದಾಖಲಿಸುವ ಕೆಲಸ ಶಾಲೆಗಳಿಗೆ ಬಿಡಿ. ಫೋನಿನಲ್ಲಿ ಕೂಗು ರೆಕಾರ್ಡ್ ಮಾಡಿ, ತಾರೀಖು, ಮಳೆ, ಜಾಗ ಬರೆದಿಡುವುದು ನನ್ನ ಮಕ್ಕಳಿಗೆ ಬರುತ್ತದೆ, ನಿಮ್ಮೂರ ಮಕ್ಕಳಿಗೂ ಬರುತ್ತದೆ. ದಾಖಲಾತಿಯ ಆ ಪುಟ ತುಂಬಬೇಕಾದದ್ದು ಮುಂಗಾರಿಗೆ ಮುಂಚಿನ ಮಳೆಯಲ್ಲಿ. ಅದಕ್ಕೆ ಸಮಿತಿಯ ಸಭೆ ಯುಗಾದಿ ಆದ ಕೂಡಲೇ ಕರೆಯಬೇಕು.