ಉಜ್ಜಿದರೆ ಹೋಗುತ್ತಾ ಗೀರು?

ಇಂಗ್ಲಿಷಿನವರಲ್ಲಿ ‘ಬಫ್ ಔಟ್’ ಅಂತ ಒಂದು ಮಾತಿದೆ. ಮೆತ್ತನೆಯ ಬಟ್ಟೆಯಿಂದಲೋ ತೊಗಲಿನಿಂದಲೋ ಉಜ್ಜಿ ಉಜ್ಜಿ ಮೇಲಿನ ಗೀರು ಕಾಣದಂತೆ ಮಾಡುವುದು. ಕಾರು ಅಪ್ಪಚ್ಚಿಯಾಗಿದ್ದರೂ “ಉಜ್ಜಿದರೆ ಹೋಗುತ್ತೆ ಬಿಡಿ” ಅಂತ ಅವರು ತಮಾಷೆ ಮಾಡುವುದೂ ಇದೇ ಮಾತಿನಲ್ಲಿ!

ಪಿಯುಸಿ ಅರ್ಧಕ್ಕೇ ಬಿಟ್ಟವನು ಇಂಗ್ಲಿಷ್ ಪಾಠಕ್ಕೆ ಕೂತ ಅಂತ ನಗಬೇಡಿ. ಸಿನಿಮಾ ಹುಚ್ಚರಾದ ನಮಗೂ ಅವರು ಇಟ್ಟಿರುವ ಹೆಸರು ‘ಫಿಲಂ ಬಫ್’. ಎರಡಕ್ಕೂ ಮೂಲ ಒಂದೇ... ಎಮ್ಮೆ! ಉಜ್ಜುವ ತೊಗಲಿಗೆ ‘ಬಫ್’ ಅನ್ನುವ ಹೆಸರು ಬಂದದ್ದು ಎಮ್ಮೆಯಿಂದ. ಆ ತೊಗಲಿನ ಬಣ್ಣದ ಕೋಟು ಹಾಕುತ್ತಿದ್ದವರು ನ್ಯೂಯಾರ್ಕಿನ ಹಳೇ ಕಾಲದ ಬೆಂಕಿ ಆರಿಸುವವರು. ಬೆಂಕಿ ಬಿದ್ದಲ್ಲಿಗೆಲ್ಲ ಓಡಿ ನೋಡುವ ಹುಚ್ಚರಿಗೂ ಅದೇ ಹೆಸರು ಅಂಟಿತು. ಕೊನೆಗೆ ನಮಗೂ ಬಂತು.

ಈಗ ವಿಷಯಕ್ಕೆ ಬರೋಣ. ಥಿಯೇಟರಿನಲ್ಲಿ ರೀಲು ಓಡುತ್ತಿದ್ದ ಕಾಲದಲ್ಲಿ ಸವೆದ ಪ್ರಿಂಟು ಬಂದರೆ ಪರದೆ ಮೇಲೆ ಗೆರೆಗಳ ಮಳೆ. ಆ ಗೆರೆಗಳೆಲ್ಲ ಒಂದೇ ಜಾತಿಯಲ್ಲ. ಫಿಲಮ್ಮಿಗೆ ಎರಡು ಮೈ. ಒಂದು ಬರೀ ಪ್ಲಾಸ್ಟಿಕ್ಕಿನ ಬೆನ್ನು, ಇನ್ನೊಂದು ಚಿತ್ರ ಮೂಡಿದ ಪದರ. ಬೆನ್ನಿಗೆ ಗೀರಾದರೆ ಬೆಳಕು ಚದುರಿ ಕಪ್ಪು ಗೆರೆ ಕಾಣುತ್ತೆ. ಇದಕ್ಕೆ ಮದ್ದುಂಟು. ಲ್ಯಾಬಿನಲ್ಲಿ ಪಾಲಿಶ್ ಮಾಡಬಹುದು. ಇಲ್ಲವೇ ನೆಗೆಟಿವ್‌ನಿಂದ ಪ್ರಿಂಟು ತೆಗೆಯುವಾಗ ಒಂದು ದ್ರವದಲ್ಲಿ ತೋಯಿಸಿದರೆ ಅದೇ ಗೀರನ್ನು ತುಂಬಿ ಮರೆಸುತ್ತೆ. ಆದರೆ ಚಿತ್ರದ ಪದರಕ್ಕೇ ಗೀರು ಬಿದ್ದರೆ? ಕಲರ್ ಪ್ರಿಂಟಿನಲ್ಲಿ ಹಸಿರು ಗೆರೆ, ಪೂರ್ತಿ ಕಿತ್ತರೆ ಬಿಳಿ. ಅಲ್ಲಿ ಚಿತ್ರವೇ ಹೋಗಿದೆ. ಉಜ್ಜಲು ಹೋದರೆ ಉಳಿದದ್ದೂ ಹೋದೀತು!

“ಕಂಪ್ಯೂಟರ್ ಇದೆಯಲ್ಲ ಗುರೂ?” ಅಂತೀರಿ. ಇದೆ. ಸೆಕೆಂಡಿಗೆ 24 ಫ್ರೇಮು. ಒಂದರಲ್ಲಿ ಹರಿದುಹೋದದ್ದಕ್ಕೆ ಪಕ್ಕದ ಫ್ರೇಮಿನಿಂದ ತೇಪೆ ಹಾಕುತ್ತೆ. ಆದರೆ ತೇಪೆ ಹಾಕಲು ಬಟ್ಟೆ ಬೇಕಲ್ಲ! ಗಿರೀಶ್ ಕಾಸರವಳ್ಳಿಯವರ ‘ಘಟಶ್ರಾದ್ಧ’ (1977) 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಹೊಸ ಕಳೆಯಿಂದ ಮತ್ತೆ ತೆರೆಗೆ ಬಂದದ್ದು ಹೇಗೆ? ಅದರ ಮೂಲ ನೆಗೆಟಿವ್ ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಲ್ಲಿ ಉಳಿದಿತ್ತು, ಅದಕ್ಕೆ. ಕನ್ನಡದ ಮೊದಲ ಟಾಕಿ ‘ಸತಿ ಸುಲೋಚನ’ (1934) ಪಾಡು ನೋಡಿ. ಪ್ರಿಂಟೇ ಸಿಗುವುದಿಲ್ಲ. ಮೈತುಂಬ ಗೀರಿದ್ದರೂ ಸರಿ, ಒಂದು ರೀಲು ಸಿಕ್ಕಿದ್ದರೆ ಕಣ್ಣಿಗೊತ್ತಿಕೊಂಡು ನೋಡುತ್ತಿದ್ದೆವು.

ಉಜ್ಜುವ ಮಾತು ಆಮೇಲೆ, ಮೊದಲು ಉಳಿಸುವ ಮಾತು. ನಿಮ್ಮೂರಲ್ಲಿ ಬಾಗಿಲು ಮುಚ್ಚಿದ ಟಾಕೀಸಿನ ಮೂಲೆಯಲ್ಲಿ ತುಕ್ಕು ಹಿಡಿದ ರೀಲಿನ ಡಬ್ಬ ಕಂಡರೆ ಗುಜರಿಗೆ ಹೋಗಲು ಬಿಡಬೇಡಿ. ‘ಬಫ್’ ಅನ್ನಿಸಿಕೊಂಡವರು ಇಷ್ಟಾದರೂ ಮಾಡದಿದ್ದರೆ ಹೇಗೆ? ಏನಂತೀರಿ?